ತಣ್ಣೀರು ಎಂದರೆ ಎಷ್ಟು ತಣ್ಣಗಿರಬೇಕು?

ನಮ್ಮ ತಂದೆ 1971ರಲ್ಲಿ ಕಾರ್ಕಳದ ಕಡೆಯಿಂದ ಪುಣೆಗೆ ಬಂದು, ಕ್ಯಾಂಪ್ ಪ್ರದೇಶದ ಒಂದು ಉಡುಪಿ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದಾಗ ಅವರಿಗೆ ಹದಿನೇಳು ವರ್ಷ. ಹೋಟೆಲಿನ ಹಿಂದಿನ ಅಂಗಳದಲ್ಲಿ ಎರಡು ಕಬ್ಬಿಣದ ಪೀಪಾಯಿಗಳಿದ್ದವು. ರಾತ್ರಿ ತುಂಬಿಸಿಟ್ಟ ಆ ನೀರಿನಲ್ಲಿ ಬೆಳಗಿನ ನಾಲ್ಕು ಗಂಟೆಗೆ ಹತ್ತು ಹನ್ನೆರಡು ಮಂದಿ ಸಾಲಾಗಿ ಸ್ನಾನ ಮುಗಿಸಿ, ಐದಕ್ಕೆ ಇಡ್ಲಿ ಪಾತ್ರೆಯ ಮುಂದೆ ನಿಲ್ಲಬೇಕಿತ್ತು. ಊರಿನಲ್ಲಿ ಹಂಡೆಯ ಬಿಸಿನೀರನ್ನು ಹೊಯ್ದುಕೊಂಡು ಬೆಳೆದ ಹುಡುಗನಿಗೆ ಪುಣೆಯ ಡಿಸೆಂಬರಿನ ಚಳಿ ಎಂತಹದು ಎಂದು ಗೊತ್ತಾದದ್ದು ಆ ಪೀಪಾಯಿಯ ಬಳಿಯಲ್ಲಿ. ತಣ್ಣೀರು ಸ್ನಾನದ ಲಾಭಗಳ ಬಗ್ಗೆ ನಾನು ಅವರಲ್ಲಿ ಕೇಳಿದಾಗ ಸಿಕ್ಕ ಉತ್ತರ ಚಿಕ್ಕದು: "ಆರೋಗ್ಯಕ್ಕೆ ಅಂತ ಮಾಡಿದ್ದಲ್ಲ ಮಾರಾಯ್ತಿ, ಬಿಸಿನೀರು ಇರಲಿಲ್ಲ."

ಈಗ ಬಿಸಿನೀರು ಇರುವವರೇ ತಣ್ಣೀರನ್ನು ಹುಡುಕಿಕೊಂಡು ಹೋಗುತ್ತಿದ್ದಾರೆ. ನಾನೂ ಅವರಲ್ಲಿ ಒಬ್ಬಳು. ಎರಡು ಚಳಿಗಾಲ ತಣ್ಣೀರಿನಲ್ಲಿ ಸ್ನಾನ ಮಾಡಿ, ಸಿಕ್ಕಷ್ಟು ಸಂಶೋಧನೆಗಳನ್ನು ಓದಿದ ಮೇಲೆ ನನಗೆ ಅನಿಸಿದ್ದೇನೆಂದರೆ, ತಣ್ಣೀರು ಒಳ್ಳೆಯದೋ ಕೆಟ್ಟದ್ದೋ ಎಂದು ವಾದಿಸುವವರು ಆ ನೀರು ಎಷ್ಟು ತಣ್ಣಗಿದೆ ಎಂಬುದನ್ನು ಸಾಮಾನ್ಯವಾಗಿ ಕೇಳಿಕೊಳ್ಳುವುದೇ ಇಲ್ಲ. ಹಾಲಿಗೆ ಹೆಪ್ಪು ಹಾಕುವಾಗ ಶಾಖ ನೋಡಲು ಕೊಂಡಿದ್ದ ಥರ್ಮಾಮೀಟರನ್ನು ನಾನು ಬಚ್ಚಲಿಗೆ ಒಯ್ದೆ. ಡಿಸೆಂಬರ್ ಕೊನೆಯ ಒಂದು ಬೆಳಿಗ್ಗೆ ಆರು ಗಂಟೆಗೆ ನಮ್ಮ ತಾರಸಿಯ ಟಾಂಕಿಯಿಂದ ಬಂದ ನೀರು 17 ಡಿಗ್ರಿ ಇತ್ತು. ಅದೇ ನಲ್ಲಿಯಲ್ಲಿ ಮೇ ತಿಂಗಳ ಮಧ್ಯಾಹ್ನ 36 ಡಿಗ್ರಿ. ಎರಡನ್ನೂ ನಾವು ತಣ್ಣೀರು ಎಂದೇ ಕರೆಯುತ್ತೇವೆ.

ಈ ಅಂತರ ಸಣ್ಣದಲ್ಲ. 2000ನೇ ಇಸವಿಯಲ್ಲಿ ಪ್ರಕಟವಾದ ಜೆಕ್ ಸಂಶೋಧಕರ ಒಂದು ಅಧ್ಯಯನದಲ್ಲಿ ಯುವಕರನ್ನು ಕುತ್ತಿಗೆಯವರೆಗೆ ನೀರಿನಲ್ಲಿ ಒಂದು ಗಂಟೆ ಕೂರಿಸಿ ನೋಡಲಾಯಿತು. ನೀರು 32 ಡಿಗ್ರಿ ಇದ್ದಾಗ ದೇಹದ ಚಯಾಪಚಯದಲ್ಲಿ, ಅಂದರೆ ದೇಹ ಶಕ್ತಿಯನ್ನು ಖರ್ಚು ಮಾಡುವ ವೇಗದಲ್ಲಿ, ಬದಲಾವಣೆಯೇ ಆಗಲಿಲ್ಲ. 20 ಡಿಗ್ರಿಗೆ ಅದು ಹೆಚ್ಚುಕಡಿಮೆ ಇಮ್ಮಡಿಯಾಯಿತು. 14 ಡಿಗ್ರಿಗೆ ಶೇಕಡಾ 350ರಷ್ಟು ಏರಿತು, ಜೊತೆಗೆ ರಕ್ತದಲ್ಲಿನ ನಾರ್‌ಅಡ್ರಿನಲಿನ್ ಶೇಕಡಾ 530ರಷ್ಟು ಹೆಚ್ಚಿತು. ನಮ್ಮನ್ನು ಎಚ್ಚರವಾಗಿಡುವ, ರಕ್ತನಾಳಗಳನ್ನು ಬಿಗಿಗೊಳಿಸುವ ರಾಸಾಯನಿಕ ಇದು. ತಣ್ಣೀರು ಸ್ನಾನದ ನಂತರ ತಲೆ ಹಗುರಾಗಿ, ಮೈ ಚುರುಕಾಗುವ ಅನುಭವದಲ್ಲಿ ಇದರ ಪಾತ್ರ ದೊಡ್ಡದು. ಹಾಗೆಂದು ಮುಂಬಯಿಯಲ್ಲಿ ಏಪ್ರಿಲ್ ತಿಂಗಳಲ್ಲಿ ನಲ್ಲಿಯ ನೀರು ಹೊಯ್ದುಕೊಂಡವರಿಗೆ ಆ ಏರಿಕೆ ಸಿಗುವುದಿಲ್ಲ. ಅವರಿಗೆ ಸಿಗುವುದು ಬೆವರು ತೊಳೆದ ಸುಖ ಮಾತ್ರ, ಅದೂ ಕಡಿಮೆಯದೇನಲ್ಲ.

ತಣ್ಣೀರು ಮೈಮೇಲೆ ಬಿದ್ದ ಮೊದಲ ಗಳಿಗೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಲಾಭವೂ ಅಪಾಯವೂ ಅಲ್ಲಿಯೇ ಇವೆ. ಮೊದಲ ತಂಬಿಗೆ ಬೆನ್ನಿಗೆ ಬಿದ್ದೊಡನೆ ನಾವು ಬೇಡವೆಂದರೂ ಉಸಿರು ಒಮ್ಮೆಗೇ ಒಳಕ್ಕೆ ಎಳೆಯಲ್ಪಡುತ್ತದೆ, ನಂತರ ಏದುಸಿರು ಬರುತ್ತದೆ, ಎದೆಬಡಿತ ಮತ್ತು ರಕ್ತದೊತ್ತಡ ಎರಡೂ ಮೇಲಕ್ಕೇರುತ್ತವೆ. ಚರ್ಮದ ನರಗಳು ಹಠಾತ್ತನೆ ತಂಪಾದಾಗ ದೇಹ ತೋರುವ ಈ ಪ್ರತಿಕ್ರಿಯೆ ಮೊದಲ ಅರ್ಧ ನಿಮಿಷದಲ್ಲಿ ಅತಿ ತೀವ್ರವಾಗಿದ್ದು, ಎರಡು ಮೂರು ನಿಮಿಷಗಳಲ್ಲಿ ಇಳಿಯುತ್ತದೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಅವರು ದಶಕಗಳಿಂದ ಇದನ್ನೇ ಅಭ್ಯಸಿಸಿದವರು. ತಣ್ಣೀರಿನಲ್ಲಿ ಐದಾರು ಬಾರಿ ಕೆಲವು ನಿಮಿಷ ಮುಳುಗಿದವರಲ್ಲಿ ಈ ಆಘಾತ ಗಣನೀಯವಾಗಿ ತಗ್ಗುತ್ತದೆ ಎಂಬುದು ಅಂತಹ ಅಧ್ಯಯನಗಳಿಂದ ತಿಳಿದುಬಂದಿದೆ. ನನ್ನ ಅನುಭವವೂ ಹಾಗೆಯೇ. ಮೊದಲ ದಿನ ನಾನು ಕಿರುಚಿದ್ದು ಪಕ್ಕದ ಮನೆಯವರಿಗೂ ಕೇಳಿಸಿತ್ತು. ಒಂದು ವಾರದೊಳಗೆ ಬಾಯಿಂದ "ಹಾ" ಎಂಬ ಒಂದು ಸದ್ದು ಮಾತ್ರ ಉಳಿಯಿತು.

ಆರೋಗ್ಯವಂತರಿಗೆ ಅಭ್ಯಾಸವಾಗಿಬಿಡುವ ಈ ಏರಿಳಿತ, ಹೃದಯದ ತೊಂದರೆ ಇರುವವರಿಗೆ, ರಕ್ತದೊತ್ತಡ ಹತೋಟಿಯಲ್ಲಿಲ್ಲದವರಿಗೆ, ವಯಸ್ಸಾದವರಿಗೆ ಆಪತ್ತಾಗಬಹುದು. ನಮ್ಮ ಕಟ್ಟಡದ ಕೆಳಮಹಡಿಯಲ್ಲಿ ವಿಜಯಪುರದ ಕಡೆಯ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಕಾಕಾ ಎನ್ನುತ್ತೇವೆ. ನನ್ನ ಪ್ರಯೋಗದ ಸುದ್ದಿ ಕೇಳಿ, "ನಾಳೆಯಿಂದ ನಾನೂ ತಣ್ಣೀರ ಜಳಕಾನೇ ಮಾಡ್ತೀನಿ ನೋಡವಾ" ಎಂದು ಹೊರಟಿದ್ದರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಅವರು. ಡಾಕ್ಟರನ್ನು ಕೇಳದೆ ಬೇಡ ಎಂದು ನಾನು ಬೇಡಿಕೊಳ್ಳಬೇಕಾಯಿತು. ಡಾಕ್ಟರರು ಬೇಡವೆಂದೇ ಹೇಳಿದರು.

ಇನ್ನು, ತಣ್ಣೀರು ಸ್ನಾನ ಮಾಡಿದರೆ ನೆಗಡಿ ಜ್ವರ ಹತ್ತಿರ ಸುಳಿಯುವುದಿಲ್ಲ ಎಂಬ ಮಾತು. ಇದಕ್ಕೆ ಎಲ್ಲರೂ ಉಲ್ಲೇಖಿಸುವುದು 2016ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಅಧ್ಯಯನವನ್ನು. ಅದರಲ್ಲಿ 3,018 ಮಂದಿ ಭಾಗವಹಿಸಿದ್ದರು. ಒಂದು ಗುಂಪನ್ನು ಅವರ ಪಾಡಿಗೆ ಬಿಟ್ಟು, ಉಳಿದವರಿಗೆ 30 ದಿನಗಳ ಕಾಲ ಎಂದಿನ ಬಿಸಿನೀರಿನ ಸ್ನಾನದ ಕೊನೆಯಲ್ಲಿ 30, 60 ಅಥವಾ 90 ಸೆಕೆಂಡು ತಣ್ಣೀರಿನ ಕೆಳಗೆ ನಿಲ್ಲಲು ಹೇಳಲಾಗಿತ್ತು. ತಣ್ಣೀರಿನ ಗುಂಪುಗಳಲ್ಲಿ ಕಾಯಿಲೆಯ ಕಾರಣಕ್ಕೆ ಕೆಲಸಕ್ಕೆ ರಜೆ ಹಾಕಿದ್ದು ಶೇಕಡಾ 29ರಷ್ಟು ಕಡಿಮೆ. ಆದರೆ ಕಾಯಿಲೆ ಬಿದ್ದ ದಿನಗಳ ಸಂಖ್ಯೆ ಕಡಿಮೆಯಾಗಲಿಲ್ಲ! ಅಂದರೆ ಅವರಿಗೂ ಎಲ್ಲರಂತೆ ನೆಗಡಿ ಬಂತು. ಅವರು ಮೂಗು ಒರೆಸಿಕೊಂಡು ಆಫೀಸಿಗೆ ಹೋದರು. ಇದನ್ನು ಓದಿ ಹೆಚ್ಚು ಸಂತೋಷಪಡಬೇಕಾದವರು ಮಾಲೀಕರೇ ಎಂದು ನನಗೆ ಅನಿಸಿತು. ಈ ಅಧ್ಯಯನದ ನಿಜವಾದ ಉಪಯೋಗ ಬೇರೆ ಕಡೆ ಇದೆ. ಮೂವತ್ತು ಸೆಕೆಂಡು ನಿಂತವರಿಗೂ ತೊಂಬತ್ತು ಸೆಕೆಂಡು ನಿಂತವರಿಗೂ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಠಸಾಧನೆ ಬೇಕಾಗಿಲ್ಲ, ಕೊನೆಯ ನಾಲ್ಕು ತಂಬಿಗೆ ತಣ್ಣೀರಾದರೆ ಸಾಕು.

ಜಿಮ್ಮಿಗೆ ಹೋಗುವ ನನ್ನ ಅಕ್ಕನ ಮಗ ಐಸ್ ತುಂಬಿದ ಟಬ್ಬಿನಲ್ಲಿ ಕೂರುವ ವಿಚಾರದಲ್ಲಿದ್ದಾನೆ. ವ್ಯಾಯಾಮದ ಮರುದಿನದ ಮೈಕೈ ನೋವು ಅದರಿಂದ ತಗ್ಗುವುದು ನಿಜ. ಆದರೆ ಭಾರ ಎತ್ತುವ ವ್ಯಾಯಾಮದ ನಂತರ ಪ್ರತಿ ಸಲವೂ ಹತ್ತು ನಿಮಿಷ, ಸುಮಾರು 10 ಡಿಗ್ರಿಯ ನೀರಿನಲ್ಲಿ ಕುಳಿತವರ ಮಾಂಸಖಂಡಗಳು ಹನ್ನೆರಡು ವಾರಗಳಲ್ಲಿ ಉಳಿದವರಷ್ಟು ಬೆಳೆಯಲಿಲ್ಲ ಎಂದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಅವನಿಗೆ ಇದನ್ನು ಹೇಳಿದ್ದೇನೆ. ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಪುಣೆಯವರಿಗೆ ತಣ್ಣೀರಿನ ಚಿಕಿತ್ಸೆ ಹೊಸದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಇಲ್ಲಿಂದ ಸೋಲಾಪುರ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ಹೋದರೆ ಉರುಳಿ ಕಾಂಚನ್ ಸಿಗುತ್ತದೆ. ಗಾಂಧೀಜಿ 1946ರಲ್ಲಿ ಅಲ್ಲಿ ನಿಸರ್ಗೋಪಚಾರ ಆಶ್ರಮವನ್ನು ಆರಂಭಿಸಿದರು. ಅದನ್ನು ಮುಂದೆ ಬೆಳೆಸಿದವರು ಮಣಿಭಾಯಿ ದೇಸಾಯಿ. ಜರ್ಮನಿಯ ಲೂಯಿ ಕೂನೆ ಹೇಳಿಕೊಟ್ಟ ಕಟಿಸ್ನಾನದಲ್ಲಿ ಗಾಂಧೀಜಿಗೆ ಬಹಳ ನಂಬಿಕೆ: ತೊಟ್ಟಿಯ ತಣ್ಣೀರಿನಲ್ಲಿ ಹೊಕ್ಕುಳು ಮುಳುಗುವಷ್ಟು ಕುಳಿತು, ಕಾಲುಗಳನ್ನೂ ಎದೆಯ ಭಾಗವನ್ನೂ ನೀರಿನಿಂದ ಹೊರಗಿಟ್ಟು, ಹೊಟ್ಟೆಯನ್ನು ಬಟ್ಟೆಯಿಂದ ಉಜ್ಜಿಕೊಳ್ಳುವುದು. ಎಲ್ಲ ರೋಗಕ್ಕೂ ಮೂಲ ಒಂದೇ ಎಂಬ ಕೂನೆಯ ವಾದವನ್ನು ನಾನು ಒಪ್ಪಲಾರೆ. ಆದರೆ ಇಡೀ ಮೈಯನ್ನು ಒಮ್ಮೆಗೇ ಮುಳುಗಿಸದೆ, ಒಂದು ಭಾಗವನ್ನು ಮಾತ್ರ ತಂಪಾಗಿಸುವ ಆ ಕ್ರಮದಲ್ಲಿ ವಿವೇಕವಿದೆ.

ಕುಡಿಯುವ ತಣ್ಣೀರಿನ ವಿಷಯಕ್ಕೆ ಬಂದರೆ ಹೇಳುವುದು ಕಡಿಮೆ, ಅಳಿಸುವುದು ಹೆಚ್ಚು. ಫ್ರಿಜ್ಜಿನ ನೀರು ಕುಡಿದರೆ ಊಟದ ಎಣ್ಣೆ ತುಪ್ಪ ಹೊಟ್ಟೆಯಲ್ಲಿ ಹೆಪ್ಪುಗಟ್ಟುತ್ತದೆ ಎಂಬುದು ಸುಳ್ಳು; ಹೊಟ್ಟೆ ಸೇರಿದ ನೀರು ಸ್ವಲ್ಪ ಹೊತ್ತಿನಲ್ಲೇ ಮೈಯ ಶಾಖಕ್ಕೆ ಬರುತ್ತದೆ. ತಣ್ಣೀರು ಕುಡಿದು ತೂಕ ಇಳಿಸಬಹುದು ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋಕ್ಯಾಲರಿ ಬೇಕು. 7 ಡಿಗ್ರಿಯ ಅರ್ಧ ಲೀಟರ್ ನೀರನ್ನು 37 ಡಿಗ್ರಿಗೆ ತರಲು ದೇಹ ಖರ್ಚು ಮಾಡುವುದು 15 ಕಿಲೋಕ್ಯಾಲರಿ. ಒಂದು ಚಪಾತಿಯ ಕಾಲು ಭಾಗವೂ ಅಲ್ಲ. ಮೈಗ್ರೇನ್ ಇರುವವರಿಗೆ ತೀರಾ ತಣ್ಣನೆಯ ನೀರು ತಲೆನೋವು ತರುವ ಸಾಧ್ಯತೆ ಹೆಚ್ಚು, ಅವರು ದೂರವಿರುವುದು ಮೇಲು. ಅದನ್ನು ಬಿಟ್ಟರೆ, ಬಿಸಿಲಿನಲ್ಲಿ ದುಡಿಯುವವರಿಗೆ, ಓಡುವವರಿಗೆ ತಂಪು ನೀರು ಮೈಯ ಶಾಖ ಏರುವುದನ್ನು ತಡೆಯುತ್ತದೆ. ರುಚಿಯಾಗಿರುವುದರಿಂದ ಅವರು ಹೆಚ್ಚು ನೀರನ್ನೂ ಕುಡಿಯುತ್ತಾರೆ. ಆಯುರ್ವೇದದವರು ದಣಿವು, ದಾಹ, ಉರಿ, ಪಿತ್ತಕ್ಕೆ ತಣ್ಣೀರನ್ನು ಹೇಳಿ, ಹೊಸ ಜ್ವರಕ್ಕೆ ಬೇಡವೆಂದದ್ದು ನನಗೆ ಸಮಂಜಸವಾಗಿ ಕಾಣುತ್ತದೆ.

ನಮ್ಮ ಮನೆಯಲ್ಲಿ ಮಾರ್ಚಿನಿಂದ ಮಣ್ಣಿನ ಮಡಕೆಯೇ. ಮರಾಠಿಯಲ್ಲಿ ಇದನ್ನು ಮಾಠ್ ಎನ್ನುತ್ತಾರೆ. ಮಡಕೆಯ ಸಣ್ಣ ರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಪುಣೆಯ ಬೇಸಿಗೆಯ ಗಾಳಿ ಒಣಗಿರುವುದರಿಂದ ಇಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಡೊಂಬಿವಲಿಯ ನಮ್ಮ ಅತ್ತಿಗೆಯ ಮನೆಯ ಮಡಕೆ ಅಷ್ಟು ತಂಪು ಕೊಡದಿರಲು ಅಲ್ಲಿಯ ತೇವದ ಗಾಳಿ ಕಾರಣವೇ ಹೊರತು ಮಡಕೆಯಲ್ಲ. ಅವರು ಈಗಾಗಲೇ ಎರಡು ಬದಲಾಯಿಸಿದ್ದಾರೆ. ಏಪ್ರಿಲಿನ ಒಂದು ಮಧ್ಯಾಹ್ನ ನಮ್ಮ ಅಡುಗೆಮನೆ 37 ಡಿಗ್ರಿ ಇದ್ದಾಗ, ಒದ್ದೆ ಬಟ್ಟೆ ಸುತ್ತಿದ ಮಡಕೆಯ ನೀರು 25 ತೋರಿಸಿತು. ಗಂಟಲಿಗೆ ಇದಕ್ಕಿಂತ ಹಿತವಾದದ್ದನ್ನು ನಾನು ಕಾಣೆ.

ತಂದೆಗೆ ಈಗ ಎಪ್ಪತ್ತು ದಾಟಿದೆ, ದಿನಕ್ಕೊಂದು ಬಿಪಿ ಮಾತ್ರೆ ಇದೆ. ಅವರ ಸ್ನಾನದ ನೀರನ್ನು ಚಳಿಗಾಲದಲ್ಲಿ ನಾನೇ ಗೀಸರಿನಿಂದ ಹದವಾಗಿ ಬೆರೆಸಿ ಕೊಡುತ್ತೇನೆ. ಬಿಸಿನೀರೇ ಆದರೂ ಅವರು ಮೊದಲ ತಂಬಿಗೆಯನ್ನು ಪಾದಕ್ಕೆ, ಎರಡನೆಯದನ್ನು ಮೊಣಕಾಲಿಗೆ, ಮೂರನೆಯದನ್ನು ತೋಳಿಗೆ ಹೊಯ್ದುಕೊಂಡು, ಆಮೇಲೆಯೇ ಹೆಗಲಿಗೆ ಬರುತ್ತಾರೆ. ಪೀಪಾಯಿಯ ಬಳಿ ಹಿರಿಯ ಭಟ್ಟರೊಬ್ಬರು ಕಲಿಸಿದ್ದಂತೆ.