ಕೋವಿಯ ಸದ್ದು ಕೇಳಿದ ಕಾಡಿನಲ್ಲಿ ಕಡವೆ ಜಾಣವಾಗುತ್ತದೆಯೇ?

ಮಂಗಳೂರು, ಉಡುಪಿ ಕಡೆಯವರು ಬಂಡೀಪುರಕ್ಕೋ ನಾಗರಹೊಳೆಗೋ ಹೋಗಿ ಬಂದ ಮೇಲೆ ನಮ್ಮನ್ನು ಕೇಳುವ ಪ್ರಶ್ನೆ ಇದು. ಅಲ್ಲಿ ಜಿಂಕೆಗಳು ರಸ್ತೆ ಬದಿಯಲ್ಲೇ ಮೇಯುತ್ತಿರುತ್ತವೆ. ನಮ್ಮ ಕುದುರೆಮುಖದಲ್ಲಿ, ಸೋಮೇಶ್ವರ ಅಭಯಾರಣ್ಯದ ಅಂಚಿನಲ್ಲಿ ಬೆಳಗಿನಿಂದ ಸಂಜೆವರೆಗೆ ನಡೆದರೂ ಒಂದೂ ಕಾಣಿಸುವುದಿಲ್ಲ. ಹಿಂದಿನವರು ಕೋವಿ ಹಿಡಿದು ಅಟ್ಟಾಡಿಸಿದ್ದರಿಂದ ಇಲ್ಲಿನವು ಜಾಣವಾಗಿಬಿಟ್ಟಿವೆಯೇ?

ಬೇಟೆಯ ಭಯವಿರುವ ಕಡೆ ಜಿಂಕೆಗಳು ಹೆಚ್ಚು ಎಚ್ಚರದಿಂದ ಇರುತ್ತವೆ, ಅದರಲ್ಲಿ ಅನುಮಾನವಿಲ್ಲ. ಆದರೆ ಕಾಣದಿರುವುದಕ್ಕೆಲ್ಲ ಜಾಣತನವೇ ಕಾರಣ ಎಂದು ಒಪ್ಪಲು ನಾವು ಸಿದ್ಧರಿಲ್ಲ. ಅಡಗಿ ಕೂತ ಪ್ರಾಣಿಯೂ ಕಣ್ಣಿಗೆ ಬೀಳುವುದಿಲ್ಲ, ಸತ್ತುಹೋದ ಪ್ರಾಣಿಯೂ ಬೀಳುವುದಿಲ್ಲ. ಇವೆರಡರಲ್ಲಿ ಯಾವುದು ಎಂದು ತಿಳಿಯಲು ನೆಲ ನೋಡಬೇಕು.

ಮೊದಲಿಗೆ, ಆ ಹೋಲಿಕೆಯೇ ಸರಿಯಿಲ್ಲ. ಬಂಡೀಪುರದ ರಸ್ತೆ ಬದಿಯಲ್ಲಿ ಕಾಣುವುದು ಚುಕ್ಕೆ ಜಿಂಕೆ. ಒಣ ಎಲೆಯುದುರುವ ಕಾಡು, ಹುಲ್ಲು ಬಯಲು ಅದಕ್ಕೆ ಬೇಕು. ಹಿಂಡು ಕಟ್ಟಿಕೊಂಡು ಹಗಲಲ್ಲೇ ಮೇಯುತ್ತದೆ. ಘಟ್ಟದ ಪಡುವಣ ಇಳಿಜಾರಿನ ದಟ್ಟ ಮಳೆಕಾಡು ಅದಕ್ಕೆ ಒಗ್ಗುವುದಿಲ್ಲ. ನಮ್ಮಲ್ಲಿರುವುದು ಕಡವೆ, ಕಾಡುಕುರಿ (ಬೊಗಳುವ ಜಿಂಕೆ), ಬರಿಂಕ (ಮೌಸ್ ಡಿಯರ್). ಕಡವೆ ಒಂಟಿಯಾಗಿ ಅಥವಾ ಎರಡು ಮೂರರ ಗುಂಪಿನಲ್ಲಿ ಮುಸ್ಸಂಜೆಯ ನಂತರ ಹೊರಬೀಳುವ ಪ್ರಾಣಿ. ಕಾಡುಕುರಿ ಹೆಚ್ಚಾಗಿ ಒಂಟಿ. ಮೂರು ಕಿಲೋ ಆಸುಪಾಸಿನ ಬರಿಂಕ (ಇದು ನಿಜವಾದ ಜಿಂಕೆಯ ಕುಟುಂಬಕ್ಕೆ ಸೇರಿದ್ದೇ ಅಲ್ಲ) ಹಗಲು ಬಂಡೆಯ ಸಂದಿಯಲ್ಲೋ ಮರದ ಪೊಟರೆಯಲ್ಲೋ ಕಳೆಯುತ್ತದೆ. ಯಾರೂ ಒಂದು ಈಡು ಹೊಡೆಯದಿದ್ದರೂ ಇವು ಹಗಲಲ್ಲಿ ನಮಗೆ ಕಾಣಸಿಗುವುದು ಅಪರೂಪವೇ. ಇನ್ನೊಂದು ಮಾತು: ಸಫಾರಿಯ ಜಿಂಕೆ ಒಗ್ಗಿಕೊಂಡಿರುವುದು ಜೀಪಿಗೆ, ಮನುಷ್ಯನಿಗಲ್ಲ. ಗೊರಸಿನ ಪ್ರಾಣಿಗಳು ವಾಹನಕ್ಕಿಂತ ಕಾಲ್ನಡಿಗೆಯ ಮನುಷ್ಯನಿಗೆ ಹೆಚ್ಚು ಬೆದರುತ್ತವೆ, ಬೇಟೆ ನಡೆಯುವ ಕಡೆ ಇನ್ನೂ ಬೇಗ ಓಡುತ್ತವೆ ಎಂಬುದು ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಕಂಡ ಸಂಗತಿ.

ಎಚ್ಚರ ಹೆಚ್ಚುವುದು ಹೇಗೆ? ಎರಡು ದಾರಿಗಳಿವೆ, ಇವನ್ನು ಬೇರೆ ಮಾಡಿ ನೋಡದಿದ್ದರೆ ಇಡೀ ವಿಷಯ ಕಲಸಿಹೋಗುತ್ತದೆ.

ಒಂದನೆಯದು ಆಯ್ಕೆ. ಕೆನಡಾದ ಆಲ್ಬರ್ಟಾದಲ್ಲಿ, ಪರವಾನಗಿ ಪಡೆದು ಋತುವಿಗೆ ತಕ್ಕಂತೆ ಬೇಟೆಯಾಡುವ ಪ್ರದೇಶದಲ್ಲಿ, 122 ಎಲ್ಕ್‌ಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಮಾಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಎಲ್ಕ್ ನಮ್ಮ ಕಡವೆಯ ಹತ್ತಿರದ ಸಂಬಂಧಿ. ಹೆಚ್ಚು ಓಡಾಡುವ, ಬಯಲಿನಲ್ಲಿ ಧೈರ್ಯವಾಗಿ ನಿಲ್ಲುವ ಸ್ವಭಾವದವು ಗುಂಡಿಗೆ ಬಲಿಯಾದವು. ಕಡಿಮೆ ಚಲಿಸುವ, ಮರೆ ಬಿಟ್ಟು ಬಾರದ ಪುಕ್ಕಲು ಸ್ವಭಾವದವು ಉಳಿದವು. ಇಲ್ಲಿ ಯಾವ ಪ್ರಾಣಿಯೂ ಏನನ್ನೂ ಕಲಿಯಬೇಕಾಗಿಲ್ಲ. ಧೈರ್ಯದ್ದು ಸತ್ತು ಪುಕ್ಕಲಿನದು ಮರಿ ಹಾಕಿದರೆ ಉಳಿದ ಹಿಂಡು ಎಚ್ಚರದ್ದಾಗಿಯೇ ಕಾಣುತ್ತದೆ.

ಎರಡನೆಯದು ಕಲಿಕೆ. ಅದೇ ತಂಡದವರು 2017ರಲ್ಲಿ ಹೆಣ್ಣು ಎಲ್ಕ್‌ಗಳನ್ನು ವಯಸ್ಸಿನ ಪ್ರಕಾರ ನೋಡಿದರು. ವಯಸ್ಸಾದಂತೆ ಒಂದೊಂದು ಹೆಣ್ಣೂ ಓಡಾಟ ಕಡಿಮೆ ಮಾಡಿಕೊಂಡಿತ್ತು. ಬಿಲ್ಲಿನ ಬೇಟೆಯ ಋತುವಿನಲ್ಲಿ ಒಂದು ತರಹದ ನೆಲ, ರೈಫಲ್ ಋತುವಿನಲ್ಲಿ ಇನ್ನೊಂದು ತರಹದ ನೆಲ ಆರಿಸಿಕೊಳ್ಳುತ್ತಿತ್ತು. ಒಂಬತ್ತು ಹತ್ತು ವರ್ಷ ದಾಟಿದವು ಬೇಟೆಗಾರನಿಗೆ ಸಿಗುವುದೇ ನಿಂತಂತಾಗಿತ್ತು. ಇದನ್ನು ಬುದ್ಧಿ ಎಂದು ಕರೆಯಲು ನಮ್ಮ ಅಡ್ಡಿಯಿಲ್ಲ. ಆದರೆ ಇದು ಆ ಪ್ರಾಣಿಯ ಬದುಕಿನೊಳಗೆ ಗಳಿಸಿದ್ದು. ತಾಯಿಯ ಬೆನ್ನಿಗೆ ನಡೆಯುವ ಮರಿ ಅವಳು ನಿಂತಲ್ಲಿ ನಿಂತು, ಅವಳು ಬೆದರಿದ್ದಕ್ಕೆ ಬೆದರಿ ಅಷ್ಟಿಷ್ಟು ಕಲಿಯುತ್ತದೆ. ಹಾಗಾಗಿ ಹಳೆಯ ಹೆಣ್ಣುಗಳನ್ನು ಕೊಂದರೆ ಹಿಂಡು ಆ ತಿಳಿವಳಿಕೆಯನ್ನೂ ಕಳೆದುಕೊಳ್ಳುತ್ತದೆ.

ಕಲಿಯಬೇಕಾದರೆ ಬದುಕಿ ಉಳಿಯಬೇಕು, ಅಪಾಯಕ್ಕೂ ಮನುಷ್ಯನಿಗೂ ಗಂಟು ಹಾಕಲು ಸಾಧ್ಯವಾಗಬೇಕು. ಈಡು ಬಿದ್ದಾಗ ಸದ್ದು, ಮನುಷ್ಯನ ವಾಸನೆ, ಬೀಳುವ ಸಂಗಾತಿ ಮೂರೂ ಒಂದೇ ಗಳಿಗೆಯಲ್ಲಿ ಸೇರುತ್ತವೆ, ಪಕ್ಕದಲ್ಲಿದ್ದದ್ದು ಓಡಿ ಉಳಿಯುತ್ತದೆ. ಉರುಳಿನಲ್ಲಿ ಹಾಗಲ್ಲ. ತಂತಿ ಇಟ್ಟವನು ಮನೆಯಲ್ಲಿರುತ್ತಾನೆ. ಸಿಕ್ಕಿದ ಕಾಡುಕುರಿ ಒಂಟಿಯಾಗಿ ಸಾಯುತ್ತದೆ, ನೋಡಿ ಕಲಿಯಲು ಪಕ್ಕದಲ್ಲಿ ಇನ್ನೊಂದಿರುವುದಿಲ್ಲ. ಆದ್ದರಿಂದ ಉರುಳಿನ ಹಾವಳಿ ಇರುವ ಹಾಡಿಯಲ್ಲಿ ಪ್ರಾಣಿ ಜಾಣವಾಗುವುದಿಲ್ಲ, ಖಾಲಿಯಾಗುತ್ತದೆ.

ಕಡವೆಯ ಎಚ್ಚರ ಎಂದರೆ ಓಟ ಎಂದುಕೊಳ್ಳಬೇಡಿ. ಅದು ಮೊದಲು ಮಾಡುವುದು ಕದಲದೆ ನಿಲ್ಲುವುದು. ಕಿವಿ ನಿಮ್ಮ ಕಡೆ, ಬಾಲ ಮೇಲೆ, ಮುಂಗಾಲಿನಿಂದ ನೆಲಕ್ಕೊಂದು ಬಡಿತ. ಬಳಿಕವೇ ಆ ಒಡೆದ ದನಿಯ ಕೂಗು. ಕೂಗೂ ಇಲ್ಲದೆ ನೀವು ದಾಟಿಹೋಗುವವರೆಗೆ ಪೊದೆಯಲ್ಲಿ ನಿಂತುಬಿಡುವುದೂ ಉಂಟು. ಜೊತೆಗೆ ಸಮಯ ಬದಲಿಸುತ್ತದೆ. 62 ಜಾತಿಯ ಸಸ್ತನಿಗಳ ಮೇಲಿನ 2018ರ ವಿಶ್ಲೇಷಣೆಯಲ್ಲಿ, ಮನುಷ್ಯರ ಕಾಟವಿರುವಲ್ಲಿ ರಾತ್ರಿಯ ಚಟುವಟಿಕೆ ಸರಾಸರಿ 1.36 ಪಟ್ಟು ಆಗಿತ್ತು. ಹಗಲು ರಾತ್ರಿ ಸಮಸಮ ಇದ್ದ ಪ್ರಾಣಿಯ ಚಟುವಟಿಕೆಯಲ್ಲಿ ರಾತ್ರಿಯ ಪಾಲು ನೂರಕ್ಕೆ 50ರಿಂದ 68ಕ್ಕೆ ಏರಿದಂತೆ. ಗಮನಿಸಿ, ಬೇಟೆಗಾರರಷ್ಟೇ ಅಲ್ಲ, ಚಾರಣಿಗರಿಗೂ ಪ್ರಾಣಿಗಳು ಹೀಗೆಯೇ ಪ್ರತಿಕ್ರಿಯಿಸಿದ್ದವು. ವಾರಾಂತ್ಯದಲ್ಲಿ ಹಾಡು ಹಾಕಿಕೊಂಡು ಗುಡ್ಡ ಹತ್ತುವವರು ಇದನ್ನು ನೆನಪಿಡಬೇಕು ಎಂದು ನಮ್ಮ ಕಳಕಳಿ. ದಕ್ಷಿಣ ಆಫ್ರಿಕದ ಕ್ರೂಗರ್‌ನಲ್ಲಿ ನೀರಿನ ಹೊಂಡಗಳ ಬಳಿ ಧ್ವನಿವರ್ಧಕ ಇಟ್ಟು ನೋಡಿದಾಗ, ಸಿಂಹದ ಗುರುಗುಡುವಿಕೆಗಿಂತ ಮನುಷ್ಯರ ಸಾಮಾನ್ಯ ಮಾತಿಗೆ ಪ್ರಾಣಿಗಳು ಓಡುವ ಸಾಧ್ಯತೆ ಎರಡರಷ್ಟಿತ್ತು. 2023ರಲ್ಲಿ ಪ್ರಕಟವಾದ ಫಲಿತಾಂಶ ಇದು.

ಈ ಎಚ್ಚರಕ್ಕೆ ಬೆಲೆಯಿದೆ. ತಲೆಯೆತ್ತಿ ನಿಂತ ಹೊತ್ತು ಮೇಯದ ಹೊತ್ತು. ಒಳ್ಳೆಯ ಹುಲ್ಲಿನ ಬಯಲು ಬಿಟ್ಟು ಕಾಡಿನೊಳಗೆ ಬಿರುಸಾದ ಎಲೆ ತಿಂದ ಹೆಣ್ಣಿಗೆ ಹಾಲು ಕಡಿಮೆ.

ಈಗ ನೆಲದ ಮಾತು. ಎಚ್ಚರ ಹೆಚ್ಚಾದ ಕಡವೆ ನಿಮ್ಮಿಂದ ಅಡಗಬಹುದು, ಹಿಕ್ಕೆ ಹಾಕುವುದನ್ನು ನಿಲ್ಲಿಸಲಾರದು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನೋಡಿ. ಮಳೆಗಾಲದಲ್ಲಿ ಹಿಕ್ಕೆ ಕೆಲವೇ ದಿನಗಳಲ್ಲಿ ಕರಗುತ್ತದೆ, ಸಗಣಿಹುಳುಗಳೂ ಬಿಡುವುದಿಲ್ಲ. ಹಳ್ಳದ ಮರಳಿನಲ್ಲಿ ಗೊರಸು ಹುಡುಕಿ: ಕಡವೆಯದು ಸುಮಾರು ಏಳೆಂಟು ಸೆಂಟಿಮೀಟರ್, ಕಾಡುಕುರಿಯದು ಅದರ ಅರ್ಧದಷ್ಟು. ಕೆಸರಿನಲ್ಲಿ ಹೊರಳಿದ ಗುರುತು, ಕೊಂಬು ಉಜ್ಜಿ ತೊಗಟೆ ಕಿತ್ತ ಎಳೆ ಮರ, ತುದಿ ಕಡಿದ ಚಿಗುರು ಇವೂ ಲೆಕ್ಕಕ್ಕೆ ಬರುತ್ತವೆ. ಗುರುತುಗಳು ತಾಜಾ ಇದ್ದು ಪ್ರಾಣಿ ಕಾಣದಿದ್ದರೆ ಅದು ನಿಮ್ಮಿಂದ ಅಡಗಿದೆ. ಒಂದೇ ಹಳ್ಳವನ್ನು ಪ್ರತಿ ಬೇಸಗೆ ನೋಡಿದಾಗ ಗುರುತುಗಳೇ ಕಡಿಮೆಯಾಗುತ್ತ ಹೋದರೆ ಜಾಣತನದ ಕಥೆ ಹೇಳಿಕೊಳ್ಳುವುದು ತಪ್ಪು. ವನ್ಯಜೀವಿ ವಿಜ್ಞಾನಿಗಳಾದ ಎಂ. ಡಿ. ಮಧುಸೂದನ್ ಮತ್ತು ಕೆ. ಉಲ್ಲಾಸ ಕಾರಂತರು ಕುದುರೆಮುಖ ಹಾಗೂ ನಾಗರಹೊಳೆಗಳಲ್ಲಿ ಸ್ಥಳೀಯ ಬೇಟೆಯನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಬೇಟೆ ಹೆಚ್ಚಿರುವಲ್ಲಿ ದೊಡ್ಡ ಸಸ್ತನಿಗಳ ಸಂಖ್ಯೆಯೇ ತಗ್ಗಿದೆ ಎಂಬುದು ಅಲ್ಲಿ ಕಂಡದ್ದು.

ಅನುಮತಿ ಪಡೆದು ನೋಡಲು ಹೋಗುವವರು ಸೋಲುವುದು ಹೆಚ್ಚಾಗಿ ಗಾಳಿಯಿಂದ. ಕಡವೆಯ ಮೂಗು ಅದರ ಕಣ್ಣಿಗಿಂತ ಎಷ್ಟೋ ಮುಂದೆ. ನಸುಕಿನಲ್ಲಿ ಗುಡ್ಡದ ತಣ್ಣನೆ ಗಾಳಿ ಕೆಳಗಿಳಿಯುತ್ತಿರುತ್ತದೆ, ಆಗ ಕೆಳಗಿನಿಂದ ಹತ್ತಿದರೆ ನಿಮ್ಮ ವಾಸನೆ ಹಿಂದೆ ಉಳಿಯುತ್ತದೆ. ಬಿಸಿಲೇರಿ ಇಳಿಜಾರು ಕಾದ ಮೇಲೆ ಗಾಳಿ ಮೇಲಕ್ಕೇರುತ್ತದೆ. ಮಧ್ಯಾಹ್ನ ಕಡಲಗಾಳಿಯೂ ಸೇರಿ ಪಡುವಣದಿಂದ ಘಟ್ಟದತ್ತ ಬೀಸುತ್ತದೆ. ಆ ಹೊತ್ತಿಗೆ ಮೇಲಿನಿಂದಲೇ ನೋಡಬೇಕು. ಹುಲ್ಲುಗಾವಲೂ ಶೋಲಾ ಕಾಡೂ (ಗುಡ್ಡದ ಮಡಿಲಿನ ಕಿರುಕಾಡು) ಕೂಡುವ ಅಂಚು ಒಳ್ಳೆಯ ಜಾಗ. ಸೆಂಟು, ಸೊಳ್ಳೆ ಮುಲಾಮು ಬೇಡ. ನೀಲಿ ಅಂಗಿಯೂ ಬೇಡ, ಜಿಂಕೆಯ ಕಣ್ಣಿಗೆ ಕೆಂಪಿಗಿಂತ ನೀಲಿ ಚೆನ್ನಾಗಿ ಕಾಣುತ್ತದೆ. ಒಂದೆಡೆ ಕೂತು ಕಾಯುವುದು ನಡೆಯುವುದಕ್ಕಿಂತ ಮೇಲು.

ಬೇಟೆ ನಿಂತರೆ ಭಯ ಹೋಗುತ್ತದೆಯೇ ಎಂದೂ ಕೇಳುತ್ತಾರೆ. ಹೋಗುತ್ತದೆ. ರಾಜಸ್ಥಾನದ ಬಿಷ್ಣೋಯಿ ಊರುಗಳ ಸುತ್ತ ಕೃಷ್ಣಮೃಗಗಳು ಜನರ ನಡುವೆಯೇ ಮೇಯುತ್ತವೆ. ಆದರೆ ಕಡವೆ ರಾತ್ರಿಯ ಪ್ರಾಣಿಯಾಗಿಯೇ ಉಳಿಯುತ್ತದೆ. ಸೋಮೇಶ್ವರ ಅಭಯಾರಣ್ಯದ ಪಕ್ಕದ ಹೆಬ್ರಿಯ ರಸ್ತೆ ಬದಿ ಬಂಡೀಪುರವಾಗುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ಯಾವ ಪ್ರಾಣಿಯ ಬೇಟೆಯೂ ಅಪರಾಧ, ಉರುಳು ಇಡುವುದೂ ಬೇಟೆಯೇ. ತೋಟದಂಚಿನ ಬೇಲಿಯಲ್ಲಿ ಪ್ರಾಣಿ ನುಸುಳುವ ಕಂಡಿಗಳನ್ನು ಆಗಾಗ ನೋಡುತ್ತಿರಿ. ಬೈಕಿನ ಕೇಬಲ್ಲೋ ತಂತಿಯೋ ಕುಣಿಕೆಯಾಗಿ ನೇತಾಡುತ್ತಿದ್ದರೆ ಫೋಟೊ ತೆಗೆದು, ಜಾಗ ಗುರುತು ಮಾಡಿ, ಹತ್ತಿರದ ವಲಯ ಅರಣ್ಯ ಕಚೇರಿಗೆ ಅಥವಾ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಿ. ಪ್ರಾಣಿ ಜೀವಂತ ಸಿಕ್ಕಿದ್ದರೆ ನೀವೇ ಬಿಡಿಸಲು ಹೋಗಬೇಡಿ. ಒದ್ದಾಟದಲ್ಲಿ ತಂತಿ ಇನ್ನಷ್ಟು ಬಿಗಿಯುತ್ತದೆ. ನಾಯಿಗಳನ್ನು, ಜನರನ್ನು ದೂರವಿಟ್ಟು ಸಿಬ್ಬಂದಿ ಬರುವವರೆಗೆ ಕಾಯಿರಿ.