ಮೂರು ಗಂಟೆಗೊಂದು ಸೂಜಿ

ರಾತ್ರಿ ಮೂರಕ್ಕೆ ಅಲಾರಂ ಹೊಡೆದಾಗ, ಪ್ರಯೋಗದ ಇಲಿಗಳನ್ನು ಸಾಕುವ ಅನಿಮಲ್ ಹೌಸ್ ಪಕ್ಕದ ಕೋಣೆಯಲ್ಲಿ ಕುರ್ಚಿಯ ಮೇಲೇ ನಿದ್ದೆ ಹೋಗಿದ್ದೆ. ಅದು ನಾಲ್ಕನೇ ಡೋಸ್. ಗೌನು, ಮಾಸ್ಕು, ಗ್ಲೌಸು ಹಾಕಿಕೊಂಡು ಒಳಗೆ ಹೋದೆ. ಹುಷಾರಾಗಿರುವ ಇಲಿಗಳಿಗೆ ರಾತ್ರಿಯೇ ಓಡಾಟದ ಹೊತ್ತು. ನನ್ನವು ಪಂಜರದ ಮೂಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು.

ಇದೆಲ್ಲ ಶುರುವಾಗಿದ್ದು ಅಪ್ಪನ ಒಂದು ಮಾತಿನಿಂದ ಅಂತ ನನಗೆ ಈಗಲೂ ಅನ್ನಿಸುತ್ತದೆ. ಅವರಿಗೆ ಮೂತ್ರದ ಸೋಂಕಾಗಿ ಎಂಟು ಗಂಟೆಗೊಂದು ಮಾತ್ರೆ ಕೊಟ್ಟಿದ್ದರು. ಮಧ್ಯಾಹ್ನದ್ದು ಮರೆತರೆ ರಾತ್ರಿ ಎರಡು ಒಟ್ಟಿಗೆ ನುಂಗುತ್ತಿದ್ದರು. ಕೇಳಿದರೆ, "ಒಟ್ಟು ಲೆಕ್ಕ ಸರಿ ಇದೆಯಲ್ಲ ಮಗಳೇ" ಅನ್ನೋರು.

ನನ್ನ ಪ್ರಯೋಗವೂ ಅದೇ ಲೆಕ್ಕದ್ದು. ಔಷಧ ಸೆಫ್ಟಾಜಿಡೈಮ್ ಎಂಬ ಆಂಟಿಬಯೋಟಿಕ್, ಅಪ್ಪನ ಮಾತ್ರೆಯ ಕುಲದ್ದೇ. ಒಂದು ಗುಂಪಿಗೆ ದಿನದ ಡೋಸ್ ಪೂರ್ತಿ ಒಂದೇ ಸಲಕ್ಕೆ. ಇನ್ನೊಂದಕ್ಕೆ ಅಷ್ಟನ್ನೇ ಎಂಟು ಪಾಲು ಮಾಡಿ, ಮೂರು ಗಂಟೆಗೊಂದು. ಮೂರನೆಯದಕ್ಕೆ ಏನೂ ಇಲ್ಲ.

ಟ್ಯೂಬಿನಲ್ಲಿ ಇದನ್ನು ಮೊದಲೇ ನೋಡಿದ್ದೆ. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಅತಿ ಕಡಿಮೆ ಪ್ರಮಾಣದ ನಾಲ್ಕು ಪಟ್ಟು ಹಾಕಿದ ಮೇಲೆ, ಇನ್ನೂ ಸುರಿದರೂ ಅವು ಅದಕ್ಕಿಂತ ಬೇಗ ಸಾಯುವುದಿಲ್ಲ. ಆದರೆ ಟ್ಯೂಬಿಗೆ ಮೂತ್ರಪಿಂಡ ಇಲ್ಲ ಅಲ್ವಾ? ಹಾಕಿದ್ದು ಹಾಕಿದಷ್ಟೇ ಇರುತ್ತದೆ. ಮೈಯಲ್ಲಾದರೆ ಔಷಧ ಸೋರಿ ಹೋಗುತ್ತಲೇ ಇರುತ್ತದೆ, ಇಲಿಯಲ್ಲಂತೂ ನಮಗಿಂತ ತುಂಬಾ ಬೇಗ. ಅದಕ್ಕೇ ಇಲಿ ಬೇಕಾಯಿತು.

ಸೋಂಕು ಹಚ್ಚುವ ನಾಲ್ಕು ದಿನ ಮೊದಲೊಮ್ಮೆ, ಹಿಂದಿನ ದಿನ ಇನ್ನೊಮ್ಮೆ ಸೈಕ್ಲೋಫಾಸ್ಫಮೈಡ್ ಕೊಟ್ಟು, ಸೋಂಕಿನ ಜೊತೆ ಹೋರಾಡುವ ಅವುಗಳ ಬಿಳಿ ರಕ್ತಕಣ ಇಳಿಸಿದ್ದೆ. ಇಲ್ಲದಿದ್ದರೆ ಗೆದ್ದದ್ದು ಔಷಧವೋ ಇಲಿಯ ಮೈಯೋ ತಿಳಿಯುವುದಿಲ್ಲ. ಆಮೇಲೆ ತೊಡೆಗೆ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ. ಎರಡೂ ತೊಡೆಗೆ ಚುಚ್ಚಿದರೆ ಕಡಿಮೆ ಇಲಿಗಳಲ್ಲೇ ಕೆಲಸ ಮುಗಿಯುತ್ತದೆ. ಎಥಿಕ್ಸ್ ಕಮಿಟಿಗೆ ಒಂದೊಂದು ಇಲಿಗೂ ಕಾರಣ ಬರೆದುಕೊಟ್ಟಿದ್ದೆ. ಬರೆಯುವಾಗ ಸುಲಭವಾಗಿತ್ತು. ಕೈಯಲ್ಲಿ ಹಿಡಿದಾಗ ಹಾಗಿರಲಿಲ್ಲ.

ಅನಿಮಲ್ ಹೌಸಿನ ಅಣ್ಣ ಅಂದು ಸುಮ್ನೆ ನನಗೋಸ್ಕರ ಉಳಿದುಕೊಂಡಿದ್ದರು. "ಕಾಲು ಮುಟ್ಬೇಡಿ ಮೇಡಂ, ಅಲ್ಲೇ ನೋವಿರೋದು" ಎಂದು ಅಂಗೈಯನ್ನು ಅಡಿಗೆ ಕೊಟ್ಟು ಇಲಿಯನ್ನು ಎತ್ತಿದರು. ನಾನು ಕತ್ತಿನ ಹಿಂದೆ ಚರ್ಮದ ಕೆಳಗೆ ಸೂಜಿ ಹಾಕಿದೆ. ಆವತ್ತಿನಿಂದ ನಾನೂ ಹಾಗೇ ಎತ್ತುತ್ತೇನೆ.

ಆ ಹೊತ್ತಿಗೆ, ಪೆನಿಸಿಲಿನ್ ಅನ್ನು ಔಷಧವಾಗಿಸಿದ ತಂಡದ ವಿಜ್ಞಾನಿ ನಾರ್ಮನ್ ಹೀಟ್ಲಿ ನೆನಪಾದರು. 1940ರ ಮೇ 25ರಂದು ಆಕ್ಸ್‌ಫರ್ಡಿನಲ್ಲಿ ಎಂಟು ಇಲಿಗಳಿಗೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಕೊಟ್ಟು, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಹೀಟ್ಲಿ ಬೆಳಗಿನ ಜಾವ 3:45ರವರೆಗೂ ನೋಡುತ್ತಾ ಕೂತಿದ್ದರು. ಅಷ್ಟರಲ್ಲಿ ಔಷಧ ಸಿಗದ ನಾಲ್ಕೂ ಸತ್ತಿದ್ದವು.

ತೊಡೆಯಲ್ಲಿ ಉಳಿದ ಬ್ಯಾಕ್ಟೀರಿಯಾ ಎಣಿಸಲು ಮಾರನೇ ಸಂಜೆ ಆರಕ್ಕೆ ಎಲ್ಲ ಇಲಿಗಳನ್ನೂ ಕೊಲ್ಲಲೇಬೇಕಿತ್ತು. ತೊಡೆಯ ಮಾಂಸ ಅರೆದು, ಹತ್ತು ಹತ್ತು ಪಟ್ಟು ತೆಳು ಮಾಡುತ್ತಾ ಹೋಗಿ, ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿಗೆ ಹರಡಿದೆ. ಮರುದಿನ ಇಂಕ್ಯುಬೇಟರ್ ತೆಗೆದಾಗ ಎಣಿಸುವ ಮೊದಲೇ ಕಣ್ಣಿಗೆ ಕಂಡಿತು. ಒಂದೇ ಸಲಕ್ಕೆ ಕೊಟ್ಟವುಗಳ ಪ್ಲೇಟಿಗೂ ಏನೂ ಕೊಡದವುಗಳ ಪ್ಲೇಟಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಔಷಧ ಇಳಿದು ಹೋದ ಮೇಲೆ ಉಳಿದ ಬ್ಯಾಕ್ಟೀರಿಯಾ ಮತ್ತೆ ಬೆಳೆದಿದ್ದವು. ಪಾಲು ಮಾಡಿ ಕೊಟ್ಟವುಗಳ ಪ್ಲೇಟಿನಲ್ಲಿ ಅಲ್ಲೊಂದು ಇಲ್ಲೊಂದು ಕಾಲನಿ, ಅಂದರೆ ಬ್ಯಾಕ್ಟೀರಿಯಾ ಬೆಳೆದ ಚುಕ್ಕೆ. ಒಟ್ಟು ಔಷಧ ಎರಡಕ್ಕೂ ಒಂದೇ.

ಪ್ಲೇಟುಗಳ ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು.

"ಹಂಗಾದ್ರೆ ಮಧ್ಯಾಹ್ನದ್ದಕ್ಕೂ ಅಲಾರಂ ಇಡ್ಬೇಕಾ ಮಗಳೇ?"

"ಇಡಪ್ಪ. ಎರಡು ಗಂಟೆಗೆ ಇಡು."