ಭೂಮ್ತಾಯಿಗೆ ಒಂದು ಹಿಡಿ ಚರಗ

ಈ ಸಲದ ಭೂಮಿ ಹುಣ್ಣಿಮೆಗೆ ಅಮ್ಮನ ತವರಿಗೆ ಹೋಗಿದ್ದೆ. ಸಾಗರದ ಕಡೆ, ಶರಾವತಿ ಹಿನ್ನೀರಿಗೆ ಹತ್ತಿರದ ಊರು. ಬಂದು ವಾರವಾಯಿತು. ಬೆಂದ ಅಮಟೆಕಾಯಿ, ಹಾಗಲಕಾಯಿ, ಸೊಪ್ಪಿನ ಆ ವಾಸನೆ ಇನ್ನೂ ಕೈಯಲ್ಲೇ ಇದೆ ಅನ್ನಿಸುತ್ತದೆ. ಭೂಮ್ತಾಯಿಗೆ ಬಡಿಸುವ ಚರಗದ ವಾಸನೆ ಅದು.

ನಮ್ಮ ಕಡೆ ಭೂಮಿ ಹುಣ್ಣಿಮೆ ಅಂದ್ರೆ ಭೂಮ್ತಾಯಿಯ ಸೀಮಂತ. ಅಷ್ಟೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ, ಅಂದ್ರೆ ಇನ್ನೂ ಹೊರಬರದ ತೆನೆ, ತುಂಬಿಕೊಂಡಿರುತ್ತದೆ. ಬಸುರಿ ಹೆಣ್ಣುಮಗಳಿಗೆ ಅದು ತಿನ್ನಬೇಕು, ಇದು ತಿನ್ನಬೇಕು ಅನ್ನಿಸುತ್ತದಲ್ವಾ, ಅವಳಿಗೂ ಹಾಗೇ. ವರ್ಷವಿಡೀ ನಮಗೆ ಉಣಿಸಿದವಳಿಗೆ ಆವತ್ತು ನಾವು ಬಯಕೆ ಊಟ ಬಡಿಸಬೇಕು.

ನಾನು ಹೋದಾಗ ಅತ್ತೆ ಜಗಲಿಯಲ್ಲಿ ಕೂತು, ಚರಗ ಹೊತ್ತೊಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದರು. ವಿಜಯದಶಮಿಗೇ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿದ್ದರು. ಈಗ ಅದರ ಮೇಲೆ ಅಕ್ಕಿ ಅರೆದ ಬಿಳಿ. ಪುಂಡಿನಾರಿನ ಕುಂಚ ಅದ್ದಿ, ಉಸಿರು ಬಿಗಿ ಹಿಡಿದು ಒಂದು ಎಳೆ ಎಳೆಯುವುದು, ಆಮೇಲೆ ಉಸಿರು ಬಿಡುವುದು. ಭತ್ತದ ಸಸಿ, ಜೋಗಿ ಜಡೆ, ಗೊಂಬೆ ಸಾಲು. ಒಂದು ಎಳೆಯೂ ಅಲುಗಲಿಲ್ಲ. ಇದು ಜಪವೇ ಅಲ್ವಾ?

ಆ ರಾತ್ರಿ ಹೆಂಗಸರು ಮಲಗುವುದಿಲ್ಲ. ಬೇಲಿ, ಹಿತ್ತಲು, ಗುಡ್ಡದಿಂದ ಕಿತ್ತು ತಂದ ಬೆರಕೆ ಸೊಪ್ಪು ಸೋಸಬೇಕು. ನೂರೊಂದು ಕುಡಿ ಇರಬೇಕು ಅನ್ನುವುದು ಹಳೆಯ ಮಾತು. ಎಲ್ಲವನ್ನೂ ಅಕ್ಕಿ ಜೊತೆ ಬೇಯಿಸಿದರೆ ಚರಗ. ಇನ್ನೊಂದು ಒಲೆಯಲ್ಲಿ ಕೊಟ್ಟೆ ಕಡುಬು. ಹೊರಗೆ ಮಂಜು, ಒಳಗೆ ಹೊಗೆ.

ಕತ್ತಲು ಹರಿಯುವ ಮುಂಚೆ ಮಾವ ಬುಟ್ಟಿ ಹೊತ್ತು, ದೊಂದಿ ಹಿಡಿದು ಗದ್ದೆಗೆ ಚರಗ ಬೀರಲು ಹೊರಟರು. ಸ್ವಲ್ಪ ಹೊತ್ತಿಗೆ ಗದ್ದೆ ಬಯಲಿಂದ ಕೂಗು ಕೇಳಿಸಿತು. "ಹಚ್ಚಂಬಲಿ, ಹಾಲಂಬಲಿ..." ಆಚೆ ದಿಬ್ಬದಿಂದ ಇನ್ಯಾರದೋ ಮನೆಯವರ ಕೂಗು. ಮೈ ಜುಂ ಅಂದಿತು.

ಅಜ್ಜಿ ಇದ್ದಾಗ ಈ ಹೊತ್ತಿಗೆ ಅಂಗಳದ ತುದಿಯಲ್ಲಿ ನಿಂತಿರುತ್ತಿದ್ದಳು. ಅಜ್ಜನ ಕೂಗು ಕೇಳಿಯೇ "ಈಗ ಹಳ್ಳ ದಾಟಿದ್ರು, ಈಗ ಕೆಳಗಿನ ಗದ್ದೆ" ಅಂತ ಹೇಳುತ್ತಿದ್ದಳು. ಕೂಗು ನಿಂತ ಮೇಲೆ ಒಳಗೆ ಹೋಗಿ ಒಂದು ಹಿಡಿ ಚರಗ ತರುತ್ತಿದ್ದಳು. ಹಿನ್ನೀರಿನ ದಿಕ್ಕಿಗೆ ತಿರುಗಿ ಬೀರುತ್ತಿದ್ದಳು. ಅವಳ ತವರಿನ ಗದ್ದೆ ಆ ನೀರಿನ ಕೆಳಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಮುಳುಗಿದ ಊರುಗಳಲ್ಲಿ ಅದೂ ಒಂದು. ಚಿಕ್ಕವಳಿದ್ದಾಗ ನಾನು ಕೇಳಿದ್ದೆ, ಅಲ್ಲಿ ಈಗ ಗದ್ದೆನೇ ಇಲ್ವಲ್ಲ ಅಜ್ಜಿ? "ನೀರು ಬಂದ್ರೆ ನೆಲ ಎಲ್ಲಿಗೆ ಹೋಗ್ತದೆ? ಅವಳಿಗೂ ಹಸಿವಾಗ್ತದೆ" ಅಂದಿದ್ದಳು. ನಾನು ಎಷ್ಟೋ ಪ್ರವಚನ ಕೇಳಿದ್ದೇನೆ. ಈ ಮಾತಿನಷ್ಟು ಯಾವುದೂ ನನ್ನೊಳಗೆ ಇಳಿದಿಲ್ಲ.

ಬೆಳಗ್ಗೆ ಎಲ್ಲರೂ ಗದ್ದೆಗೆ ಹೋದೆವು. ಭತ್ತದ ಬುಡಕ್ಕೆ ಸೀರೆ ಉಡಿಸಿ, ಒಡವೆ ತೊಡಿಸಿ ಪೂಜೆ. ಕಾಗೆಗೆ ಎಡೆ, ಇಲಿಗೂ ಎಡೆ. ಪೈರು ತಿನ್ನುವ ಇಲಿಗೂ ಪಾಲಿಟ್ಟು ಆಮೇಲೆ ನಾವು ಉಣ್ಣುವುದು! ಒಂದು ಕಡುಬು ಮಣ್ಣೊಳಗೆ ಹೂತರು. ನಾವು ಬದುವಿನ ಮೇಲೆ ಬಾಳೆ ಎಲೆ ಹಾಸಿ ಊಟಕ್ಕೆ ಕೂತೆವು.

ಸುತ್ತ ನೋಡಿದರೆ ಬೇಜಾರಾಯಿತು. ಮೊದಲು ಬಯಲು ತುಂಬ ಗದ್ದೆ ಇತ್ತು. ಈಗ ಜಾಸ್ತಿ ಅಡಿಕೆ ಸಸಿ. ತೋಟದಲ್ಲೂ ಪೂಜೆ ಮಾಡುತ್ತಾರೆ, ತಪ್ಪಲ್ಲ, ಅದೂ ಭೂಮಿಯೇ. ಆದರೆ ಹೊಡೆ ತುಂಬಿದ ಪೈರನ್ನು ಮುಟ್ಟದೆ ಬೆಳೆದ ಮಗುವಿಗೆ ಬಸುರಿ ಅಂದ್ರೆ ಯಾರು ಅಂತ ಹೇಗೆ ಗೊತ್ತಾಗಬೇಕು? ಬುಟ್ಟಿಗೆ ಅಂಗಡಿ ಬಣ್ಣ ಬಳಿಯುವವರೂ ಇದ್ದಾರೆ. ಕೆಮ್ಮಣ್ಣು ದುಡ್ಡು ಕೇಳುತ್ತದಾ? ನಿಮ್ಮ ಮನೆಯಲ್ಲಿ ಚಿತ್ತಾರ ಬರೆಯುವ ಹಿರಿಯರು ಇದ್ದರೆ ಒಂದು ವರ್ಷವಾದರೂ ಪಕ್ಕದಲ್ಲಿ ಕೂತು ಕಲಿಯಿರಿ. ಅವರೂ ಕರೆದು ಕರೆದು ಸೋತಿದ್ದಾರೆ.

ಮರುದಿನ ಸಿಗಂದೂರು ಚೌಡೇಶ್ವರಿ ದರ್ಶನಕ್ಕೆ ಹೊರಟಾಗ ಅತ್ತೆ ಬಾಳೆಲೆಯಲ್ಲಿ ಕಟ್ಟಿದ ಸಣ್ಣ ಪೊಟ್ಟಣ ಕೊಟ್ಟರು. ಉಳಿಸಿಟ್ಟ ಚರಗ. "ಅತ್ತೆಮ್ಮ ಇದ್ದಿದ್ರೆ ಮಾಡ್ತಿದ್ರು, ನೀನೇ ಬೀರು. ಊರಿನ ಹೆಸರು ಹೇಳಿ ಬೀರು" ಅಂದರು. 2025ರಲ್ಲಿ ಹಿನ್ನೀರಿಗೆ ಸೇತುವೆ ಆದಮೇಲೆ ಲಾಂಚಿಗೆ ಕಾಯುವ ಕೆಲಸವಿಲ್ಲ. ಸೇತುವೆಯ ನಡುವೆ ಒಂದು ಕಡೆ ನಿಂತೆವು. ಮಳೆಗಾಲ ಮುಗಿದು ಹಿನ್ನೀರು ತುಂಬಿತ್ತು. ಪೊಟ್ಟಣ ಬಿಚ್ಚಿದೆ. ಅಜ್ಜಿಯ ಊರಿನ ಹೆಸರನ್ನು ನಾನು ಅಷ್ಟು ಗಟ್ಟಿಯಾಗಿ ಯಾವತ್ತೂ ಕೂಗಿರಲಿಲ್ಲ.